ಹೆಸರಿಗೆ ಸಿಕ್ಕ ರಕ್ಷಣೆ ಹಾಲಿಗೆ ಸಿಕ್ಕೀತೇ? ಧಾರವಾಡ ಪೇಢಾದ ಕಥೆ

ದೇವಿಕೊಪ್ಪ (ಧಾರವಾಡ ಜಿಲ್ಲೆ): ಕಲಘಟಗಿ ತಾಲ್ಲೂಕಿನ ಈ ಅರೆಮಲೆನಾಡಿನ ಭಾಗದಲ್ಲಿ ಮೊಮ್ಮಗು ಹುಟ್ಟಿದರೂ, ಮಗಳು ಪರೀಕ್ಷೆಯಲ್ಲಿ ಉತ್ತೀರ್ಣಳಾದರೂ, ಮಗನಿಗೆ ನೌಕರಿ ಸಿಕ್ಕರೂ ಜಿಲ್ಲಾ ಕೇಂದ್ರದಿಂದ ಮನೆಗೆ ಬರುವ ಡಬ್ಬಿ ಒಂದೇ. ಅದು ಪೇಢಾದ ಡಬ್ಬಿ. ಬೇಂದ್ರೆಯವರ ಸಾಧನಕೇರಿ, ಮಲ್ಲಿಕಾರ್ಜುನ ಮನಸೂರರ ಸಂಗೀತಗಳ ಜೊತೆಗೆ ಧಾರವಾಡದ ಹೆಸರನ್ನು ನಾಡಿನಾಚೆಗೆ ಒಯ್ದ ತಿನಿಸು ಇದು. ಆದರೆ ಈ ಕಂದು ಬಣ್ಣದ ಉಂಡೆಯ ಹಿಂದೆ ಒಂದು ಕುಟುಂಬದ ಕೈಕೆಲಸವಷ್ಟೇ ಅಲ್ಲ, ಸುತ್ತಲಿನ ಹಳ್ಳಿಗಳ ಎಮ್ಮೆಗಳೂ ಇವೆ ಎಂಬುದು ಬಹುಮಂದಿಗೆ ತಿಳಿಯದು.

ಉನ್ನಾವದಿಂದ ಲೈನ್ ಬಜಾರಿಗೆ

ಪೇಢಾ ಹುಟ್ಟಿನಿಂದ ಕನ್ನಡನಾಡಿನದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಈಗಿನ ಉತ್ತರ ಪ್ರದೇಶದ ಉನ್ನಾವದಿಂದ ಠಾಕೂರ್ ಕುಟುಂಬವೊಂದು ಧಾರವಾಡಕ್ಕೆ ವಲಸೆ ಬಂದಿತು. ಪ್ಲೇಗಿಗೆ ಹೆದರಿ ಊರು ಬಿಟ್ಟರೆಂಬುದು ಪ್ರಚಲಿತವಿರುವ ಮಾತು. ರಾಮರತನ್ ಸಿಂಗ್ ಠಾಕೂರ್ ಅವರು ಜೀವನೋಪಾಯಕ್ಕಾಗಿ ಪೇಢಾ ಮಾಡಲಾರಂಭಿಸಿದರು. ಮೊಮ್ಮಗ ಬಾಬುಸಿಂಗ್ ಠಾಕೂರ್ ಅವರ ಕಾಲದಲ್ಲಿ ಲೈನ್ ಬಜಾರಿನ ಅಂಗಡಿ ಮನೆಮಾತಾಯಿತು. ಇಂದಿಗೂ ಜನರು ‘ಲೈನ್ ಬಜಾರ್ ಪೇಢಾ’ ಎಂದೇ ಕರೆಯುತ್ತಾರೆ. ತಯಾರಿಕೆಯ ಹದವನ್ನು ಕುಟುಂಬ ಹೊರಗಿನವರಿಗೆ ಬಿಟ್ಟುಕೊಟ್ಟಿಲ್ಲ.

ಉತ್ತರ ಭಾರತ ಮೂಲದ ಮಿಶ್ರಾ ಕುಟುಂಬವು 1933ರಲ್ಲಿ ಈ ವ್ಯಾಪಾರಕ್ಕೆ ಇಳಿಯಿತು. ಠಾಕೂರರ ಪೇಢಾ ಸಾಲಿನಲ್ಲಿ ನಿಂತು ಕೊಳ್ಳುವ ವಸ್ತುವಾಗಿ ಉಳಿದರೆ, ಮಿಶ್ರಾ ಪೇಢಾ ಹಲವು ನಗರಗಳ ಮಳಿಗೆಗಳಿಗೆ ಹರಡಿತು. ಹಾಲು ಮಹಾಮಂಡಳವೂ ‘ನಂದಿನಿ’ ಹೆಸರಿನಲ್ಲಿ ಪೇಢಾ ಮಾರುತ್ತದೆ.

ಕಂದು ಬಣ್ಣ ಬರುವುದು ಹೇಗೆ?

ಮೊದಲು ಎಮ್ಮೆಯ ಹಾಲನ್ನು ಬಾಣಲೆಯಲ್ಲಿ ಕುದಿಸಿ, ನೀರಿನಂಶ ಆರುವವರೆಗೆ ಕೈಯಾಡಿಸಿ ಖೋವಾ ಮಾಡಲಾಗುತ್ತದೆ. ಒಂದು ಕಿಲೋ ಖೋವಾಕ್ಕೆ ಸುಮಾರು 4ರಿಂದ 5 ಲೀಟರ್ ಹಾಲು ಬೇಕು. ಬಳಿಕ ಸಕ್ಕರೆ ಬೆರೆಸಿ ಹದವಾದ ಬೆಂಕಿಯ ಮೇಲೆ ಹುರಿಯಬೇಕು. ಸಾಮಾನ್ಯ ಹಾಲಿನ ಪೇಢಾ ಬಿಳಿಯಾಗಿಯೇ ಉಳಿದರೆ, ಧಾರವಾಡದ್ದು ಈ ದೀರ್ಘ ಹುರಿತದಿಂದ ಕಂದಾಗುತ್ತದೆ. ಹಾಲಿನ ಸಸಾರಜನಕ ಮತ್ತು ಹಾಲಿನ ಸಕ್ಕರೆ ಕಾವಿನಲ್ಲಿ ಕೂಡಿದಾಗ ಹೊಸ ಬಣ್ಣ, ಹೊಸ ಪರಿಮಳ ಹುಟ್ಟುತ್ತವೆ. ಫ್ರಾನ್ಸಿನ ವಿಜ್ಞಾನಿ ಲೂಯಿ ಕಮೀ ಮೇಲಾರ್ಡ್ 1912ರಲ್ಲಿ ವಿವರಿಸಿದ ಈ ಕ್ರಿಯೆಗೆ ಅವರದೇ ಹೆಸರಿದೆ. ರೊಟ್ಟಿಯ ಮೇಲಿನ ಕಂದು ಚುಕ್ಕೆಗಳಿಗೂ ಇದೇ ಕಾರಣ. ಕೊನೆಯಲ್ಲಿ ಉಂಡೆಯನ್ನು ಸಕ್ಕರೆ ಪುಡಿಯಲ್ಲಿ ಹೊರಳಿಸುತ್ತಾರೆ. ನೀರಿನಂಶ ಕಡಿಮೆಯಿರುವುದರಿಂದ ಇದು ಹಸಿ ಖೋವಾದ ಸಿಹಿಗಳಿಗಿಂತ ಹೆಚ್ಚು ದಿನ ಬಾಳುತ್ತದೆ.

ಪಾಶ್ಚಾತ್ಯರ ಫಡ್ಜ್ ಕೂಡ ಹಾಲು, ಸಕ್ಕರೆ, ಬೆಣ್ಣೆಗಳದೇ ಪಾಕ. ಅಲ್ಲಿ ಸುಮಾರು 115 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಇಳಿಸಿ, ಆರಿಸಿ, ಕಡೆಯುತ್ತಾರೆ. ಕಾವು 150ರ ಸಮೀಪಕ್ಕೆ ಹೋದರೆ ಅದು ಗಟ್ಟಿ ಟಾಫಿಯಾಗುತ್ತದೆ. ನಮ್ಮ ಪೇಢಾ ಮಾಡುವವರ ಕೈಗೆ ಉಷ್ಣಮಾಪಕ ಬೇಕಿರಲಿಲ್ಲ. ಬಣ್ಣ, ವಾಸನೆ, ಸಟ್ಟುಗಕ್ಕೆ ತಗಲುವ ಭಾರ ಇವೇ ಅಳತೆಗೋಲು. ಒಂದು ಕ್ಷಣ ಕೈ ನಿಂತರೆ ತಳ ಹತ್ತುತ್ತದೆ.

ಭೌಗೋಳಿಕ ಗುರುತು ಏನು ಕೊಟ್ಟಿತು?

ಹೆಸರು ಬೆಳೆದಂತೆ ನಕಲೂ ಬೆಳೆಯಿತು. ಭೌಗೋಳಿಕ ಗುರುತುಗಳ ಕಾಯ್ದೆ ರೂಪುಗೊಂಡದ್ದು 1999ರಲ್ಲಿ. ಜಾರಿಗೆ ಬಂದದ್ದು 2003ರ ಸೆಪ್ಟೆಂಬರ್ 15ರಂದು. ಧಾರವಾಡ ಪೇಢಾಕ್ಕೂ ಇದರಡಿ ಮಾನ್ಯತೆ ದೊರೆತಿದೆ. ನಿಗದಿತ ಪ್ರದೇಶದಲ್ಲಿ, ನಿಗದಿತ ವಿಧಾನದಲ್ಲಿ ತಯಾರಾದದ್ದಕ್ಕೆ ಮಾತ್ರ ಈ ಹೆಸರು ಸಲ್ಲುತ್ತದೆ. ನೋಂದಣಿಯ ಅವಧಿ 10 ವರ್ಷ, ಬಳಿಕ ನವೀಕರಿಸಬೇಕು. ಪೇಟೆಂಟಿನಂತೆ ಇದು ಒಬ್ಬರ ಸೊತ್ತಲ್ಲ. ಆ ಪ್ರದೇಶದ ಅರ್ಹ ತಯಾರಕರೆಲ್ಲರೂ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬಹುದು.

ಎಮ್ಮೆ ಉಳಿದರೆ ರುಚಿ

ಆದರೆ ಕಾಯ್ದೆ ಹೆಸರನ್ನು ಕಾಯುತ್ತದೆಯೇ ಹೊರತು ಕೊಟ್ಟಿಗೆಯನ್ನಲ್ಲ. ಈ ಪೇಢಾದ ಹೆಸರಿನೊಂದಿಗೆ ಬೆಸೆದುಕೊಂಡಿರುವುದು ‘ಧಾರವಾಡಿ’ ಎಮ್ಮೆಯ ಹಾಲು. ಕಪ್ಪು ಮೈಯ, ಅರ್ಧಚಂದ್ರಾಕಾರದ ಕೊಂಬಿನ ಈ ಎಮ್ಮೆಗೆ ಪ್ರತ್ಯೇಕ ತಳಿಯೆಂಬ ರಾಷ್ಟ್ರೀಯ ಮಾನ್ಯತೆ ದೊರೆತದ್ದು 2021ರಲ್ಲಿ. ಒಣಮೇವಿಗೂ ಒಗ್ಗಿಕೊಳ್ಳುವ ಇದನ್ನು ಸಾಕುವ ಪರಂಪರೆಯಲ್ಲಿ ಗೌಳಿಗರ ಪಾಲು ದೊಡ್ಡದು. ಆಕಳ ಹಾಲಿಗಿಂತ ಎಮ್ಮೆಯ ಹಾಲಿನಲ್ಲಿ ಕೊಬ್ಬಿನಂಶ ಹೆಚ್ಚು. ಖೋವಾಕ್ಕೆ ಮೃದುತ್ವ ಬರುವುದು ಅದರಿಂದಲೇ. ಆದರೆ ದಿನದ ಲೆಕ್ಕದಲ್ಲಿ ಈ ಎಮ್ಮೆ ಕರೆಯುವ ಹಾಲು ಮಿಶ್ರತಳಿ ಆಕಳಿಗಿಂತ ಕಡಿಮೆ. ಲೀಟರಿನ ಲೆಕ್ಕವನ್ನೇ ನೋಡುವ ರೈತ ಆಕಳಿನತ್ತ ವಾಲಿದರೆ ಅದು ಅವನ ತಪ್ಪಲ್ಲ. ಹುಲ್ಲುಗಾವಲು ಕಿರಿದಾದಷ್ಟೂ ಎಮ್ಮೆ ಕಟ್ಟುವುದು ಕಷ್ಟವಾಗುತ್ತದೆ.

ಬಾಣಲೆಯ ಮುಂದೆ ತಾಸುಗಟ್ಟಲೆ ನಿಲ್ಲುವ ಕೈಗಳೂ ಸುಲಭಕ್ಕೆ ಸಿಗುವಂಥವಲ್ಲ. ಆದ್ದರಿಂದ ಧಾರವಾಡ ಪೇಢಾದ ಭವಿಷ್ಯ ಲೈನ್ ಬಜಾರಿನ ಸಾಲಿನಲ್ಲಷ್ಟೇ ಇಲ್ಲ. ಹಳ್ಳಿಯ ಹಾಲಿಗೆ ಸಿಗುವ ಬೆಲೆಯಲ್ಲಿಯೂ ಇದೆ. ಮುಂದಿನ ಸಲ ಡಬ್ಬಿ ತೆರೆದಾಗ ಅಂಗಡಿಯ ಹೆಸರಿನ ಜೊತೆಗೆ ಆ ಎಮ್ಮೆಯನ್ನೂ ನೆನೆಯುವುದು ನ್ಯಾಯ.