ಕಾಳಿಯ ತೀರದಲ್ಲಿ ವಿಹಾರವೂ ವ್ಯವಹಾರವೂ

ಬೇಸಿಗೆಯ ರಜೆ ಸಮೀಪಿಸಿತೆಂದರೆ ನಮ್ಮ ವ್ಯಾಪಾರಸ್ಥ ಕುಟುಂಬಗಳ ದೃಷ್ಟಿ ಊಟಿ, ಗೋವಾಗಳತ್ತ, ಅನುಕೂಲವುಳ್ಳವರದು ದುಬೈ, ಸಿಂಗಪುರಗಳತ್ತ ಹೊರಳುವುದು ವಾಡಿಕೆ. ಹುಬ್ಬಳ್ಳಿಯಿಂದ ಸುಮಾರು ಎರಡು ತಾಸಿನ ಹಾದಿಯಲ್ಲಿರುವ ದಾಂಡೇಲಿಯನ್ನು ಕಾಗದದ ಕಾರ್ಖಾನೆಯ ಊರೆಂದಷ್ಟೇ ಬಲ್ಲವರು ನಮ್ಮಲ್ಲಿ ಇಂದಿಗೂ ಇದ್ದಾರೆ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್‌ನಿಂದ ಹೆಸರಾದ ಈ ಪಟ್ಟಣಕ್ಕೆ ಈಗ ಪ್ರವಾಸೋದ್ಯಮವೂ ಒಂದು ಆಧಾರವಾಗಿದೆ.

ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟುವ ಕಾಳಿ ನದಿಯು ಉತ್ತರ ಕನ್ನಡ ಜಿಲ್ಲೆಯ ಗಡಿ ದಾಟದೆಯೇ ಕಾರವಾರದ ಬಳಿ ಕಡಲು ಸೇರುತ್ತದೆ. ಗಣೇಶಗುಡಿಯಲ್ಲಿರುವ ಸೂಪಾ ಅಣೆಕಟ್ಟು ಮೂಲತಃ ವಿದ್ಯುತ್ತಿಗಾಗಿ ನಿರ್ಮಾಣಗೊಂಡುದು. ಹಳೆಯ ಸೂಪಾ ಪಟ್ಟಣವೇ ಅದರ ಹಿನ್ನೀರಿನಲ್ಲಿ ಮುಳುಗಿತು. ಟರ್ಬೈನುಗಳನ್ನು ತಿರುಗಿಸಿ ಹೊರಬಂದ ಅದೇ ನೀರು ಕೆಳಗೆ ರಾಫ್ಟಿಂಗ್ ದೋಣಿಗಳನ್ನು ಹೊತ್ತು ಸಾಗುತ್ತದೆ. ಆದಕಾರಣ ಇಲ್ಲಿನ ಜಲಕ್ರೀಡೆಯು ಮಳೆಯನ್ನಷ್ಟೇ ಅವಲಂಬಿಸದೆ ವಿದ್ಯುತ್ ಉತ್ಪಾದನೆಯ ವೇಳಾಪಟ್ಟಿಯನ್ನೂ ಅವಲಂಬಿಸಿದೆ. ನೀರು ಬಿಡದಿದ್ದರೆ ದೋಣಿಗಳು ದಡದಲ್ಲೇ ಉಳಿಯುತ್ತವೆ. ಒಂದು ಉದ್ಯಮದ ಉಪೋತ್ಪನ್ನದ ಮೇಲೆ ಇನ್ನೊಂದು ಉದ್ಯಮ ಬದುಕುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಅಪರೂಪ.

ನದಿಯ ಇಕ್ಕೆಲದ ಕಾಡಿನ ಬಹುಭಾಗ 2015ರಿಂದ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂಬ ಹೆಸರು ಪಡೆದಿದೆ. ಹುಲಿಯ ದರ್ಶನ ಅದೃಷ್ಟದ ಮಾತು. ಆದರೆ ನಾಲ್ಕು ಜಾತಿಯ ಮಂಗಟ್ಟೆ ಹಕ್ಕಿಗಳು ಇಲ್ಲಿವೆ. ಬೆಳಗಿನ ಹೊತ್ತು ನದಿಯ ದಂಡೆಯಲ್ಲಿ ತಾಳ್ಮೆಯಿಂದ ಕುಳಿತವರಿಗೆ ಅವು ಬಹುಮಟ್ಟಿಗೆ ನಿರಾಸೆ ಮಾಡವು. ಪ್ರವಾಸಿಗನ ಹಣ ದೋಣಿ ನಡೆಸುವ ಯುವಕ, ಜೀಪಿನ ಚಾಲಕ, ಹೋಂಸ್ಟೇಯ ಅಡುಗೆಯವರು, ಹಾಲು ತರಕಾರಿ ಒದಗಿಸುವ ರೈತ ಇವರೆಲ್ಲರಿಗೂ ಹಂಚಿಹೋಗುತ್ತದೆ. ಜೋಯಿಡಾದ ಕುಣಬಿ ಸಮುದಾಯದವರು ಬೆಳೆಯುವ ಬಗೆಬಗೆಯ ಗೆಡ್ಡೆಗೆಣಸು, ಜೇನು, ಮುರುಗಲು ಇವುಗಳಿಗೆ ಇದಕ್ಕಿಂತ ಹತ್ತಿರದ ಮಾರುಕಟ್ಟೆ ಇಲ್ಲ.

ತೊಡಕಿರುವುದು ದಿನಗಳ ಹಂಚಿಕೆಯಲ್ಲಿ. ಶನಿವಾರ, ಭಾನುವಾರ ಕೊಠಡಿ ದೊರೆಯದು. ಮಂಗಳವಾರ ಅದೇ ಕೊಠಡಿಗೆ ಗಿರಾಕಿಯಿಲ್ಲ, ಸಂಬಳ ಮಾತ್ರ ಏಳು ದಿನಕ್ಕೂ ಕೊಡಬೇಕು. ನಿಸರ್ಗಕ್ಕೂ ಇದು ಹಿತವಲ್ಲ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ಚಾರಣಕ್ಕೆ ಉಂಟಾದ ಜನದಟ್ಟಣೆ ಸರ್ವವಿದಿತ. ಅದರ ಬೆನ್ನಲ್ಲೇ ಸರ್ಕಾರ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಅದೇ ವರ್ಷ ಆನ್‌ಲೈನ್ ಕಾಯ್ದಿರಿಸುವ ವ್ಯವಸ್ಥೆಯನ್ನು ತಂದಿತು. ಮಿತಿ ಹಾಕುವುದು ಅನಿವಾರ್ಯವೇ ಸರಿ. ಆದರೆ ಮಿತಿಯು ವಾರಾಂತ್ಯದ ನೂಕುನುಗ್ಗಲನ್ನು ತಡೆದೀತೇ ಹೊರತು ಮಂಗಳವಾರದ ಖಾಲಿ ಕೊಠಡಿಯನ್ನು ತುಂಬಲಾರದು.

ಅದನ್ನು ತುಂಬುವ ಸಾಮರ್ಥ್ಯ ನಮ್ಮ ಸದಸ್ಯರಿಗಿದೆ. ವಾರದ ರಜೆಯನ್ನು ಮಂಗಳವಾರಕ್ಕೋ ಬುಧವಾರಕ್ಕೋ ಇಟ್ಟುಕೊಂಡ ಕಾರ್ಖಾನೆ, ಅಂಗಡಿಗಳು ನಮ್ಮಲ್ಲಿ ಕಡಿಮೆಯಿಲ್ಲ. ಸಿಬ್ಬಂದಿಯ ವಾರ್ಷಿಕ ಪ್ರವಾಸವನ್ನು ಆ ದಿನಗಳಿಗೇ ಗೊತ್ತುಪಡಿಸಿದಲ್ಲಿ ಬಾಡಿಗೆಯಲ್ಲಿ ಚೌಕಾಶಿಗೂ ಅವಕಾಶವುಂಟು, ಕಾಡಿನಲ್ಲಿ ಕೊಂಚ ನಿಶ್ಶಬ್ದವೂ ಸಿಕ್ಕೀತು. ಹೊರಡುವ ಮುನ್ನ ನೀರು ಬಿಡುವ ದಿನ, ವೇಳೆಯನ್ನು ದೋಣಿಯವರಲ್ಲಿ ವಿಚಾರಿಸಿಕೊಳ್ಳುವುದು ಲೇಸು. ಮಳೆಗಾಲದಲ್ಲಿ ರಾಫ್ಟಿಂಗ್ ಸಾಮಾನ್ಯವಾಗಿ ಸ್ಥಗಿತಗೊಂಡಿರುತ್ತದೆ. ನವೆಂಬರ್‌ನಿಂದ ಫೆಬ್ರವರಿಯವರೆಗಿನ ಅವಧಿ ಪ್ರಶಸ್ತವಾದುದು.