ಮೃತ್ಯುಪತ್ರಗಳಲ್ಲಿ ಚಿನ್ನದ ಜಾಡು

ತುಂಗಭದ್ರೆಯ ಒಂದು ದಡದಲ್ಲಿ ಕುಮಾರಪಟ್ಟಣ, ಎದುರು ದಡದಲ್ಲಿ ಹರಿಹರ. 1947ಕ್ಕೆ ಮೊದಲು ಅದು ಮುಂಬಯಿ ಇಲಾಖೆಗೂ ಇದು ಮೈಸೂರು ಸಂಸ್ಥಾನಕ್ಕೂ ಸೇರಿದ್ದಿತು. ಸಾಯುವವನು ಬರೆದಿಡುವ ಪತ್ರಕ್ಕೆ ಅಲ್ಲಿ ಮೃತ್ಯುಪತ್ರವೆಂದೂ ಇಲ್ಲಿ ಮರಣಶಾಸನ ಅಥವಾ ಉಯಿಲೆಂದೂ ಹೆಸರು. ಈ ಪತ್ರಗಳಿಂದ ನಮ್ಮ ನಾಡಿನ ಚಿನ್ನದ ಚರಿತ್ರೆಯನ್ನು ತಿಳಿಯಬಹುದೆ ಎಂಬುದೇ ಇಂದಿನ ವಿಚಾರ.

ಚಿನ್ನವು ಈ ಸೀಮೆಗೆ ಹೊಸದಲ್ಲ. ಗದಗಿನ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಲಗಾರರು ಮಳೆಗಾಲ ಕಳೆದ ಮೇಲೆ ಮರಳನ್ನು ತೊಳೆದು ಹೊನ್ನಿನ ಕಣಗಳನ್ನು ಆಯುತ್ತಿದ್ದರು. 1874ರಲ್ಲಿ ಭೂಗರ್ಭಶಾಸ್ತ್ರಜ್ಞ ಬ್ರೂಸ್ ಫೂಟರು ಅಲ್ಲಿನ ಶಿಲೆಗಳನ್ನು ಕುರಿತು ಬರೆದರು. ಹಾವೇರಿಯ ಸಮೀಪದ ಗಣಜೂರಿನಲ್ಲಿಯೂ ಚಿನ್ನದ ನಿಕ್ಷೇಪವು ಗೊತ್ತಾಗಿದೆ.

ಆದರೆ ಹಳೆಯ ಮೃತ್ಯುಪತ್ರಗಳು ವಿರಳ. 1956ರ ಕಾಯಿದೆ ಬರುವವರೆಗೆ ಅವಿಭಕ್ತ ಕುಟುಂಬದವನು ತನ್ನ ಅವಿಭಕ್ತ ಪಾಲನ್ನು ಮರಣಶಾಸನದಿಂದ ಕೊಡುವ ಹಾಗಿರಲಿಲ್ಲ. ಆದ್ದರಿಂದ ವಿಭಾಗಪತ್ರಗಳನ್ನೂ ಜೊತೆಗೆ ಓದಬೇಕು. ಓದುವಾಗ ಮೂರು ಸಂಗತಿಗಳನ್ನು ಗಮನಿಸಬೇಕು: ಜಮೀನಿನ ಹೆಸರು ಮತ್ತು ಎಲ್ಲೆ, ಆಭರಣದ ತೂಕ, ಕಂಪನಿಯ ಷೇರು. ಹೊಲದ ಎಲ್ಲೆಯಾಗಿ ಹಳೆಯ ಗುಂಡಿಯೊಂದು ಹೇಳಲ್ಪಟ್ಟಿದ್ದರೆ ಅದು ಸ್ಥಳದಲ್ಲಿ ಹುಡುಕಬೇಕಾದ ಸುಳಿವು. ಷೇರಿದ್ದರೆ, ಕೋಲಾರದಲ್ಲಿ ಕೆಲಸ ನಡೆಸಲು 1880ರಲ್ಲಿ ಸ್ಥಾಪಿತವಾದ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿಯಂತಹ ಸಂಸ್ಥೆಯತ್ತ ಅದು ಕೈದೋರೀತು. ಆಭರಣ ಮಾತ್ರ ಮೌನಿ. ಹತ್ತು ತೊಲೆ, ಎಂದರೆ ಸುಮಾರು 117 ಗ್ರಾಂ ತೂಗುವ ಸರವು ಯಾವ ಮಣ್ಣಿನಿಂದ ಬಂತೆಂಬುದನ್ನು ಪತ್ರವು ಹೇಳದು. ಆತುರದ ತೀರ್ಮಾನ ಸಲ್ಲದು.

ರಿಜಿಸ್ಟರಾದ ಮರಣಶಾಸನಗಳು ಸಬ್ ರಿಜಿಸ್ಟ್ರಾರರ ಕಚೇರಿಯ 3ನೆಯ ಪುಸ್ತಕದಲ್ಲಿರುತ್ತವೆ. 1908ರ ಕಾಯಿದೆಯಂತೆ, ಬರೆದವನು ತೀರಿಕೊಂಡ ಮೇಲೆ ಯಾರು ಬೇಕಾದರೂ ನಕಲನ್ನು ಕೇಳಬಹುದು. ರಿಜಿಸ್ಟರಾಗದವು ಮನೆಯ ಪೆಟ್ಟಿಗೆಗಳಲ್ಲಿ ಗೆದ್ದಲಿಗೆ ಈಡಾಗುತ್ತಿವೆ.

ಕಡೆಯದಾಗಿ ಒಂದು ಮಾತು. ಉಯಿಲು ಬರೆಯುವವನು ಉಳ್ಳವನು. ಹಳ್ಳದ ಮರಳನ್ನು ತೊಳೆದ ಜಲಗಾರನಾಗಲಿ, 2001ರಲ್ಲಿ ಮುಚ್ಚಿದ ಕೋಲಾರದ ಗಣಿಗಳ ಆಳದಲ್ಲಿ ಕಲ್ಲಿನ ಧೂಳನ್ನು ಉಸಿರಾಡಿದ ಕೂಲಿಯಾಗಲಿ ಬರೆದಿಡುವಷ್ಟು ಆಸ್ತಿಯನ್ನು ಪಡೆದುದು ಅಪರೂಪ. ಪತ್ರಗಳನ್ನು ಕಾಪಾಡೋಣ, ಆದರೆ ಅವುಗಳಲ್ಲಿ ಹೆಸರಿಲ್ಲದವರೇ ಆ ಚಿನ್ನವನ್ನು ತೆಗೆದರೆಂಬುದನ್ನು ಮರೆಯದಿರೋಣ. ಅವರ ಚರಿತ್ರೆಯನ್ನು ಅವರ ಮಕ್ಕಳ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು.