ದೂರದ ಗಣಕಕ್ಕೆ ಸುರಕ್ಷಿತ ಪ್ರವೇಶ: ಪರವಾನಗಿಯ ಮಿತಿಗಳು

ಗದಗಿನ ಅಂಗಡಿಯ ಲೆಕ್ಕಪತ್ರವನ್ನು ಕೊರ್ಲಹಳ್ಳಿಯಲ್ಲಿ ಕುಳಿತು ನೋಡಬಯಸುವ ವರ್ತಕರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ನಮ್ಮ ಗುಪ್ತಪದವನ್ನು ನಡುದಾರಿಯಲ್ಲಿ ಅನ್ಯರು ಓದಬಲ್ಲರೇ? ಹಳೆಯ ಟೆಲ್‌ನೆಟ್ ವ್ಯವಸ್ಥೆಯಲ್ಲಿ ಗುಪ್ತಪದವು ಯಾವ ಮರೆಯೂ ಇಲ್ಲದೆ ಸಾಗುತ್ತಿತ್ತು. ಇದಕ್ಕೆ ಪರಿಹಾರವಾಗಿ ಫಿನ್‌ಲೆಂಡಿನ ತಾತು ಯ್ಲೊನೆನ್ ಅವರು 1995ರಲ್ಲಿ ಎಸ್‌ಎಸ್‌ಎಚ್ ತಂತ್ರಾಂಶವನ್ನು ರಚಿಸಿದರು. ಆರಂಭದಲ್ಲಿ ಮುಕ್ತವಾಗಿದ್ದ ಅದರ ಪರವಾನಗಿಯು ಮುಂದಿನ ಆವೃತ್ತಿಗಳಲ್ಲಿ ಬಿಗಿಯಾಯಿತು. ಹಳೆಯ ಮುಕ್ತ ಆವೃತ್ತಿಯನ್ನು ಆಧರಿಸಿ ಓಪನ್‌ಬಿಎಸ್‌ಡಿ ತಂಡವು 1999ರಲ್ಲಿ ಓಪನ್‌ಎಸ್‌ಎಸ್‌ಎಚ್ ಅನ್ನು ಹೊರತಂದಿತು.

ಆದರೂ ಒಂದು ತೊಡಕು ಉಳಿದಿತ್ತು. ಅದರಲ್ಲಿ ಬಳಕೆಯಾದ ಆರ್‌ಎಸ್‌ಎ ಗೂಢಲಿಪಿ ವಿಧಾನಕ್ಕೆ ಅಮೆರಿಕದಲ್ಲಿ ಪೇಟೆಂಟ್ ಇದ್ದುದರಿಂದ ಅಲ್ಲಿನ ಉದ್ಯಮಗಳಿಗೆ ಅನುಮತಿ ಅಗತ್ಯವಾಗಿತ್ತು. 2000ದ ಸೆಪ್ಟೆಂಬರಿನಲ್ಲಿ ಆ ಪೇಟೆಂಟಿನ ಅವಧಿ ಮುಗಿದು ತೊಡಕು ನಿವಾರಣೆಯಾಯಿತು.

ಪೇಟೆಂಟ್ ಎಂಬುದು ಅದನ್ನು ನೀಡಿದ ದೇಶಕ್ಕೆ ಸೀಮಿತ. ನಮ್ಮ 1970ರ ಪೇಟೆಂಟ್ ಅಧಿನಿಯಮದ 3(ಕೆ) ಕಲಮು ಬರಿಯ ಗಣಕ ಕಾರ್ಯಕ್ರಮವನ್ನು ಆವಿಷ್ಕಾರವೆಂದು ಮನ್ನಿಸುವುದಿಲ್ಲ. ಆದರೆ ಸರಕು ಹೊರದೇಶಕ್ಕೆ ಹೋದರೆ ಅಲ್ಲಿನ ಕಾನೂನು ಅನ್ವಯಿಸುತ್ತದೆ. ಪೇಟೆಂಟ್ ಇಲ್ಲವೆಂದ ಮಾತ್ರಕ್ಕೆ ಕೃತಿಸ್ವಾಮ್ಯ ಇಲ್ಲವೆಂದಾಗದು. ಓಪನ್‌ಎಸ್‌ಎಸ್‌ಎಚ್ ಅನ್ನು ವ್ಯಾಪಾರಕ್ಕೂ ಶುಲ್ಕವಿಲ್ಲದೆ ಬಳಸಬಹುದು. ಎಲ್ಲ ತಂತ್ರಾಂಶಗಳೂ ಹಾಗಲ್ಲ. ಆದ್ದರಿಂದ ಅಳವಡಿಸುವ ಮುನ್ನ ಪರವಾನಗಿ ಪತ್ರವನ್ನು ಕರಾರು ಪತ್ರದಂತೆಯೇ ಓದುವುದು ವರ್ತಕರಿಗೆ ಕ್ಷೇಮಕರ.